ಕೆಂಪು ದಾರ

ಕೆಳಸೇತುವೆಯ ನೀರಿನಲ್ಲಿ ನಡೆದು ನೋಡಿ ಡ್ರೈವರ್ ವಾಪಸ್ ಬಂದಾಗ ಅವನ ಪ್ಯಾಂಟಿನ ತೊಡೆಯ ಮೇಲೆ ಹೊಲಿದ ಕೆಂಪು ದಾರ ಒದ್ದೆಯಾಗಿತ್ತು. ದಾರದ ಮೇಲೂ ಎರಡು ಬೆರಳಷ್ಟು ಒದ್ದೆ. ಪಿಕಪ್‌ನ ಬಾಗಿಲು ಹಿಡಿದು ನಿಂತು, "ಆಗಲ್ಲ," ಎಂದ.

ಒಳಗೆ ಕುಳಿತಿದ್ದವರು ಅವನ ಹೆಂಡತಿ ಮತ್ತು ಹೆಂಡತಿಯ ಅಕ್ಕ. ಅಕ್ಕನ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಲೇಬೇಕು. ಈ ಹಾಳು ಮಳೆಯಿಂದ ಮೊನ್ನೆಯದು ತಪ್ಪಿಹೋಗಿತ್ತು. ಈಗ ಮುಖ ಊದಿಕೊಂಡು ಕಣ್ಣು ಸಣ್ಣಗಾಗಿದ್ದವು, ಮಾತಾಡಿದರೆ ಏದುಸಿರು. ಆಸ್ಪತ್ರೆ ಇದ್ದದ್ದು ಸೇತುವೆಯ ಆಚೆ. ಉಳಿದ ದಾರಿಗಳು ಇದಕ್ಕಿಂತ ಹೆಚ್ಚು ಮುಳುಗಿದ್ದವು.

ಕೆಂಪು ದಾರಕ್ಕೆ ಹನ್ನೆರಡು ವರ್ಷ. ಪಿಕಪ್ ಕೊಂಡ ಹೊಸತರಲ್ಲಿ ಗ್ಯಾರೇಜಿನ ಮೇಸ್ತ್ರಿ ಇವನನ್ನು ಗಾಡಿಯ ಪಕ್ಕ ನಿಲ್ಲಿಸಿ, ತೊಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದು, "ನೀರು ಇದನ್ನ ದಾಟಿದ್ರೆ ಇಂಜಿನ್ ನೀರು ಕುಡಿಯುತ್ತೆ, ವಾಪಸ್ ಬಾ," ಅಂದಿದ್ದ. ಆ ಸಂಜೆಯೇ ಹೆಂಡತಿ ಕೆಂಪು ದಾರದಲ್ಲಿ ಹೊಲಿಗೆ ಹಾಕಿಕೊಟ್ಟಳು. ಆಮೇಲೆ ಬಂದ ಪ್ರತಿ ಪ್ಯಾಂಟಿಗೂ ಹಳೆಯದನ್ನು ಪಕ್ಕದಲ್ಲಿಟ್ಟು ಅಳೆದು ಹೊಲಿದಳು. ಎಲ್ಲಿ ನೀರು ಕಂಡರೂ ಇವನು ಮೊದಲು ಕೋಲು ಹಿಡಿದು ನಡೆದು ನೋಡುವವನೇ. ದಾರ ಮುಳುಗಿತೋ, ಗಾಡಿ ತಿರುಗಿತು. ಸ್ಟ್ಯಾಂಡಿನಲ್ಲಿ "ದಾರದ ಸಾಹೇಬ್ರು ಬಂದ್ರಪ್ಪೋ" ಎಂದು ಕಾಲೆಳೆಯುತ್ತಿದ್ದರು. ಹಾಗೆ ಕಾಲೆಳೆದವರಲ್ಲಿ ಇಬ್ಬರ ಗಾಡಿ ಗುಜರಿ ಸೇರಿವೆ, ಅದು ಬೇರೆ ಮಾತು.

"ನೀರು ಹರೀತಿದೆಯಾ?" ಹೆಂಡತಿ ಕೇಳಿದಳು.

"ಇಲ್ಲ, ನಿಂತಿದೆ. ಎಲೆ ಹಾಕಿ ನೋಡ್ದೆ, ಹಾಕಿದಲ್ಲೇ ಇತ್ತು. ಗುಂಡಿನೂ ಇಲ್ಲ, ಆ ತುದಿವರೆಗೂ ಕೋಲು ಊರ್ಕೊಂಡು ಹೋಗಿ ಬಂದೆ. ಆದ್ರೆ ದಾರದ ಮೇಲೆ ಎರಡು ಬೆರಳು."

"ಬೇಡಪ್ಪಾ," ಎಂದಳು ಅಕ್ಕ. "ನಾಳೆ ಇಳಿಯುತ್ತೆ. ಒಂದು ದಿನ ತಡ್ಕೋತೀನಿ." ಅಷ್ಟು ಹೇಳುವುದಕ್ಕೆ ಅವಳು ಎರಡು ಸಲ ನಿಲ್ಲಿಸಿ ಉಸಿರೆಳೆದುಕೊಂಡಳು.

"ಹೋಗೋಣ," ಎಂದಳು ಹೆಂಡತಿ.

ಡ್ರೈವರ್ ಅವಳ ಮುಖ ನೋಡಿದ. ಬಚ್ಚಲಲ್ಲಿ ನೀರು ಕಟ್ಟಿಕೊಂಡರೂ ಗಾಬರಿ ಬೀಳುವ ಹೆಂಗಸು. ಈ ಹನ್ನೆರಡು ವರ್ಷದಲ್ಲಿ "ಹುಷಾರು" ಅಂದಿದ್ದಾಳೆ, "ಬೇಡ" ಅಂದಿದ್ದಾಳೆ. "ಹೋಗೋಣ" ಅಂದದ್ದು ಇದೇ ಮೊದಲು.

"ಅಲ್ಲ ಕಣೇ, ದಾರ..."

"ಎರಡು ಬೆರಳು ತಾನೇ? ಹೋಗುತ್ತೆ ರೀ. ನಾನು ಹೇಳ್ತಿದ್ದೀನಲ್ಲ."

ಅವನು ಟಾರ್ಪಾಲಿನ ತುಂಡು ತೆಗೆದು ಇಂಜಿನ್ನಿಗೆ ನೀರು ಸಿಡಿಯದಂತೆ ಗಾಡಿಯ ಮೂತಿಗೆ ಬಿಗಿದ. ಮೊದಲ ಗೇರಿಗೆ ಹಾಕಿ ನೀರಿಗೆ ಇಳಿಸಿದ. ಇನ್ನು ಗೇರ್ ಬದಲಿಸುವಂತಿಲ್ಲ, ಆಕ್ಸಿಲರೇಟರಿನಿಂದ ಕಾಲು ಎತ್ತುವಂತಿಲ್ಲ, ಅವಸರವನ್ನಂತೂ ಮಾಡಲೇಬಾರದು. ಮುಂದೆ ನೀರು ದಿಂಬಿನ ಹಾಗೆ ಉಬ್ಬಿ ಗಾಡಿಯ ಜೊತೆಗೇ ಸರಿಯಿತು. ಬಾಗಿಲ ಸಂದಿಯಿಂದ ಒಳಗೆ ಬಂದ ನೀರು ಮೂವರ ಪಾದವನ್ನೂ ತೋಯಿಸಿತು. ಅಕ್ಕ ಕಣ್ಣು ಮುಚ್ಚಿಕೊಂಡಳು. ಹೆಂಡತಿ ಮಾತ್ರ ನೀರಿನ ಕಡೆ ನೋಡಲೇ ಇಲ್ಲ. ಗಂಡನ ತೊಡೆಯ ಮೇಲಿನ ದಾರವನ್ನೇ ನೋಡುತ್ತ ತುಟಿ ಬಿಗಿಹಿಡಿದು ಕುಳಿತಿದ್ದಳು.

ನಡುವೆ ಒಮ್ಮೆ ಇಂಜಿನ್ ಕೆಮ್ಮಿತು. ಡ್ರೈವರ್‌ನ ಕಾಲು ಮಾತ್ರ ಅಲುಗಲಿಲ್ಲ. ಮುಂದಿನ ಚಕ್ರಕ್ಕೆ ಏರು ಸಿಕ್ಕಾಗ ಅವನಿಗೆ ಹೋದ ಜೀವ ಬಂದಂತಾಯಿತು. ಮೇಲೆ ಬಂದ ಮೇಲೂ ಒದ್ದೆ ಬ್ರೇಕನ್ನು ಮೆಲ್ಲಗೆ ಒತ್ತಿ ಒತ್ತಿ ಒಣಗಿಸಿಕೊಂಡೇ ಆಸ್ಪತ್ರೆ ಮುಟ್ಟಿಸಿದ.

ಅಕ್ಕನನ್ನು ಮೆಷಿನ್ನಿಗೆ ಹಾಕಿದ ಮೇಲೆ ಗಂಡ ಹೆಂಡತಿ ಹೊರಗಿನ ಬೆಂಚಿನಲ್ಲಿ ಕುಳಿತರು. ಅವನು ಪ್ಯಾಂಟಿನ ಅಂಚು ಹಿಂಡುತ್ತ ಕೇಳಿದ: "ಹೋಗುತ್ತೆ ಅಂತ ನಿನಗೆ ಹೇಗೆ ಗೊತ್ತಿತ್ತು?"

ಅವಳು ದಾರವನ್ನು ತೋರಿಸಿದಳು. "ಮೇಸ್ತ್ರಿ ಗೀಟು ಹಾಕಿದ ಜಾಗದಲ್ಲಿ ನಾನು ಹೊಲಿದೇ ಇಲ್ಲ. ನಾಲ್ಕು ಬೆರಳು ಕೆಳಗೆ ಹೊಲಿದೆ."

"ಯಾವಾಗ?"

"ಮೊದಲನೇ ಪ್ಯಾಂಟಿಗೇ."

ಅವನಿಗೆ ಸಿಟ್ಟು ನೆತ್ತಿಗೇರಿತು. ಹನ್ನೆರಡು ಮಳೆಗಾಲ ದಾಟಬಹುದಾದ ನೀರನ್ನು ದಾಟದೆ ಎಷ್ಟು ಸಲ ಗಾಡಿ ತಿರುಗಿಸಿದ್ದಾನೆ, ಎಷ್ಟು ಲೋಡು ತರಕಾರಿ ಕೊಳೆಸಿದ್ದಾನೆ, ಸ್ಟ್ಯಾಂಡಿನಲ್ಲಿ ಎಷ್ಟು ಜನರ ಬಾಯಿಗೆ ಬಿದ್ದಿದ್ದಾನೆ!

"ಅಷ್ಟು ಸಲ ಸುಮ್ಮನೆ ವಾಪಸ್ ಬಂದೆನಲ್ಲೇ!"

"ಬಂದ್ರಲ್ಲ," ಎಂದಳು ಅವಳು.

ಒಳಗೆ ಮೆಷಿನ್ನು ಒಂದೇ ಸಮನೆ ಸದ್ದು ಮಾಡುತ್ತಿತ್ತು. ಕೊನೆಗೆ ಅವನು, "ಸರಿ ಬಿಡು. ಹೊಸ ಪ್ಯಾಂಟಿಗೂ ಅಲ್ಲೇ ಹೊಲಿ," ಎಂದ.

"ಇನ್ನು ಅಲ್ಲಿ ಹೊಲಿದು ಏನು ಬಂತು? ನಿಮಗೀಗ ಗೊತ್ತಾಯ್ತಲ್ಲ," ಎಂದವಳು, ಅವನ ತೊಡೆಯ ಮೇಲೆ ದಾರದಿಂದ ಕೆಳಕ್ಕೆ ಮತ್ತೆ ನಾಲ್ಕು ಬೆರಳು ಇಟ್ಟು ಅಳೆದಳು.