ಲೈನ್‌ಮನ್ ಬರೆಯದೇ ಬಿಟ್ಟ ಪುಟ

ಗುರುಪಾದಪ್ಪ ಮೂವತ್ನಾಲ್ಕು ವರ್ಷ ಲೈನ್‌ಮನ್ ಆಗಿದ್ದವರು. ಗದಗ ಕಡೆಯ ಹನ್ನೆರಡು ಹಳ್ಳಿಗಳ ಒಂದೊಂದು ಕರೆಂಟ್ ಕಂಬವೂ ಅವರಿಗೆ ಬಾಯಿಪಾಠ...

ಎಲ್ಲೇ ಲೈನ್ ಕೆಟ್ಟರೂ ಆಫೀಸಿನಲ್ಲಿ ಮೊದಲು ಕೇಳುತ್ತಿದ್ದುದು ಒಂದೇ ಮಾತು. "ಗುರುಪಾದಪ್ಪ ಎಲ್ಲದಾರ?"

ಅದನ್ನು ಕೇಳಿದಾಗಲೆಲ್ಲ ಅವರ ಎದೆ ಉಬ್ಬುತ್ತಿತ್ತು.

ರಿಟೈರ್ ಆಗಲು ಆರು ತಿಂಗಳಿದ್ದಾಗ, ಸುಮಂಗಲಾ ಮೇಡಂ ಎಂಬ ಇಂಜಿನಿಯರ್ ಲೈನ್‌ಮನ್‌ಗಳಿಗಾಗಿಯೇ ಒಂದು ವಿಕಿ ಶುರು ಮಾಡಿದರು.

ಮೊಬೈಲಿನಲ್ಲೇ ತೆರೆಯುವ ಪುಸ್ತಕ ಅದು. ಕಂಬಕ್ಕೊಂದು ಪುಟ. ಗೊತ್ತಿದ್ದವರು ಬರೆಯಬೇಕು, ಬೇಕಾದವರು ಓದಿಕೊಳ್ಳಬೇಕು...

"ನಿಮಗ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ರಿ. ದಿನಾ ನಾಕ್ ಸಾಲು ಬರೀರಿ, ಸಾಕು," ಎಂದರು ಮೇಡಂ.

"ಆತ್ರಿ ಮೇಡಂ," ಎಂದರು ಗುರುಪಾದಪ್ಪ. ಬರೆಯಲಿಲ್ಲ.

ಮನೆಯಲ್ಲಿ ಹೆಂಡತಿಯ ಮುಂದೆ ನಕ್ಕರು. "ಎಲ್ಲಾ ಬರದ್ ಕೊಟ್ರ ನಾಳೆ ನನ್ನ ಯಾರ್ ಕೇಳ್ತಾರ?"

ಶಾಲು ಹೊದಿಸಿಕೊಂಡು ರಿಟೈರ್ ಆದರು. ಅವರ ಜಾಗಕ್ಕೆ ಬೇರೆ ಜಿಲ್ಲೆಯಿಂದ ಯಮನೂರಪ್ಪ ಎಂಬ ಲೈನ್‌ಮನ್ ಬಂದ. ಗುರುಪಾದಪ್ಪ ಯಾರೆಂದೇ ಅವನಿಗೆ ಗೊತ್ತಿರಲಿಲ್ಲ.

ಎರಡು ತಿಂಗಳು ಕಳೆದಿರಬೇಕು... ಒಂದು ಮಧ್ಯಾಹ್ನ ಸುದ್ದಿ ಬಂತು. ಕೆರೆ ದಂಡೆಯ ಕಂಬದ ಮೇಲೆ ಕರೆಂಟ್ ಹೊಡೆದು ಯಮನೂರಪ್ಪ ಸತ್ತುಹೋದ. ಪಾಪ, ಲೈನ್ ಬಂದ್ ಮಾಡಿಸಿಯೇ ಹತ್ತಿದ್ದನಂತೆ.

ಗುರುಪಾದಪ್ಪನವರಿಗೆ ಒಮ್ಮೆಲೇ ಹೊಳೆಯಿತು. ಆ ಕಂಬಕ್ಕೆ ಎರಡು ಕಡೆಯಿಂದ ಕರೆಂಟ್ ಬರುತ್ತದೆ... ಅದು ಗೊತ್ತಿದ್ದುದು ಅವರೊಬ್ಬರಿಗೇ!

ಮೂರನೇ ದಿನ ಆ ಮನೆಗೆ ಹೋದರು. ಯಮನೂರಪ್ಪನ ಹೆಂಡತಿ ನೀಲವ್ವ ಗಂಡನ ಮೊಬೈಲ್ ತಂದು ಅವರ ಕೈಗಿಟ್ಟಳು.

"ನೀವೂ ಲೈನ್‌ಮನ್ ಇದ್ರಂತ... ಇದ್ರಾಗ ಏನೈತಿ ನೋಡಿ ಹೇಳ್ರಿ ಕಾಕಾರ. ಕಂಬ ಹತ್ತೂ ಮುಂಚೆ ಇದನ್ನ ನೋಡ್ಕೋಂತ ನಿಂತಿದ್ರಂತ."

ತೆರೆದಿದ್ದುದು ವಿಕಿ. ಅದೇ ಕಂಬದ ಪುಟ.

'ಇಲ್ಲಿ ಇನ್ನೂ ಯಾರೂ ಏನೂ ಬರೆದಿಲ್ಲ. ನಿಮಗೆ ಗೊತ್ತಿದ್ದರೆ ಬರೆಯಿರಿ.'

ಗುರುಪಾದಪ್ಪನವರ ಕಣ್ಣು ಮಂಜಾಯಿತು. "ತಪ್ಪಾತವ್ವಾ... ನನಗ ಗೊತ್ತಿತ್ತು. ನಾನ ಬರೀಲಿಲ್ಲ..."

ನೀಲವ್ವ ಕೂಗಾಡಲಿಲ್ಲ, ಅಳಲೂ ಇಲ್ಲ. ಅವರ ಕೈಲಿದ್ದ ಮೊಬೈಲ್ ತೋರಿಸಿದಳು.

"ಈಗರ ಬರೀರಿ," ಎಂದಳು.

ಗುರುಪಾದಪ್ಪ ಒಂದೊಂದೇ ಅಕ್ಷರ ಒತ್ತಿದರು.

'ಈ ಕಂಬಕ್ಕೆ ಎರಡು ಲೈನಿನಿಂದ ಕರೆಂಟ್ ಬರುತ್ತದೆ. ಎರಡನ್ನೂ ಬಂದ್ ಮಾಡಿಸದೆ ಹತ್ತಬೇಡಿ.'

ನೀಲವ್ವ ಮೊಬೈಲ್ ಇಸಿದುಕೊಂಡು, ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಮುಂದೆ ಇನ್ನೇನಾದರೂ ಇದೆಯೇ ಎಂದು ಬೆರಳಿನಿಂದ ಕೆಳಕ್ಕೆ ಸರಿಸಿ ನೋಡಿದಳು.

"ಇಷ್ಟ ಏನ್ರಿ ಕಾಕಾ... ಬರೀಬೇಕಾಗಿದ್ದು?"



*

ನಾವು ಹೇಳದೆ ಬಚ್ಚಿಟ್ಟುಕೊಂಡ ವಿದ್ಯೆಗೆ ಬೆಲೆ ತೆರುವವರು ಬೇರೆಯವರು.

ನಿಮ್ಮ ಕೆಲಸದಲ್ಲಿ ನಿಮಗೊಬ್ಬರಿಗೇ ಗೊತ್ತಿರುವುದು ಏನಿದೆ... ಅದನ್ನು ಇವತ್ತೇ ಯಾರಿಗಾದರೂ ಹೇಳುತ್ತೀರಾ?