ಅಂಗಿಯ ನೆರಳು

ಗಂಡಹೆಂಡಿರ ನಡುವಿನ ಇಷ್ಟು ಸಣ್ಣ ಸಂಗತಿಯನ್ನು ಹೇಳಹೊರಟಿದ್ದಕ್ಕೆ ಕ್ಷಮೆಯಿರಲಿ. ಅರ್ಧ ದಿನ ರಜೆ ಹಾಕಿ ಬಂದ ಬಸ್ ಮೆಕ್ಯಾನಿಕ್, ತಾರಸಿಯ ಮೇಲೆ ತಾನೇ ಕೂರಿಸಿದ್ದ ಆರು ಸೋಲಾರ್ ಪ್ಯಾನೆಲ್‌ಗಳ ಮುಂದೆ ಮೀಟರ್ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ. ಭಾನುವಾರ ಸರಿಯಿದ್ದ ಕರೆಂಟು ಇವತ್ತು ಅರ್ಧಕ್ಕೆ ಇಳಿದಿತ್ತು. ಸಾಲಾಗಿ ಜೋಡಿಸಿದ ಮೇಲೆ ಒಂದಕ್ಕೆ ನೆರಳು ಬಿದ್ದರೂ ಆರೂ ಸೊರಗುತ್ತವೆ. ಕೊನೆಯದರ ಮೇಲೆ ಎರಡು ತೋಳುಗಳ ನೆರಳು ಅಲ್ಲಾಡುತ್ತಿತ್ತು.

ತಿರುಗಿ ನೋಡಿದರೆ, ಬಟ್ಟೆ ಹರವುವ ತಂತಿಯ ಮೇಲೆ ಮಗನ ನೀಲಿ ಅಂಗಿ. ಮಗ ತೀರಿಕೊಂಡು ಎರಡು ವರ್ಷ. ಅವನ ಬಟ್ಟೆಯನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟೆ ಎಂದಿದ್ದಳು ಹೆಂಡತಿ. ಗಂಡ ಕೆಲಸಕ್ಕೆ ಹೋದ ಹಗಲುಗಳಲ್ಲಿ ಅವಳು ಒಗೆದು ಒಗೆದು ಕಾಲರಿನ ಬಣ್ಣವೇ ಹೋಗಿತ್ತು.

"ಮೇಲಿದ್ದೀರಾ? ಯಾವಾಗ ಬಂದ್ರಿ?" ಕೆಳಗಿನಿಂದ ಅವಳು ಕೂಗಿದಳು.

"ಈಗಷ್ಟೇ. ಕರೆಂಟು ಕಮ್ಮಿ ಬರ್ತಿದೆ."

"ಬಸ್ಸಿನ ಬೋಲ್ಟ್ ಬಿಗಿಯೋರು ಸೂರ್ಯನ್ನ ಬಿಗಿಯೋಕೆ ಹೋದ್ರೆ ಇನ್ನೇನಾಗತ್ತೆ?" ಎಂದಳು, ನಗಲು ನೋಡುತ್ತ. ಆಮೇಲೆ ಮೆಲ್ಲಗೆ, "ಏನಾದ್ರೂ ಅಡ್ಡ ಇದೆಯೇನ್ರೀ?"

"ಏನೂ ಇಲ್ಲ ಕಣೇ. ನಂದೇ ತಪ್ಪು, ಜಾಗ ನೋಡದೆ ಕೂರಿಸಿಬಿಟ್ಟೆ."

ತಂತಿಯನ್ನು ನಾಲ್ಕಡಿ ಸರಿಸುವುದು ಎರಡು ನಿಮಿಷದ ಕೆಲಸ. ಅವನು ಸ್ಪ್ಯಾನರ್ ತಗೊಂಡು, ಮೈಯೆಲ್ಲ ಬೆವರಾಗಿ ಬಿಗಿದಿದ್ದ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ಕೊನೆಯ ಪ್ಯಾನೆಲ್ಲನ್ನೇ ಆಚೆ ಎಳೆದುಕೊಂಡ. ಅಂಗಿಯನ್ನು ಮುಟ್ಟಲಿಲ್ಲ. ಪ್ಯಾನೆಲ್ ಯಾಕೆ ಜಾಗ ಬದಲಿಸಿತೆಂದು ಅವಳು ಮುಂದೆಂದೂ ಕೇಳಲಿಲ್ಲ. ಅವಳಿಗೆ ಗೊತ್ತಾಯಿತೋ ಇಲ್ಲವೋ, ನನಗೆ ತಿಳಿಯದು.