ಒಂದು ಸ್ಟಾಪ್ ಕಡಿಮೆ

ನರ್ಸ್ ಆಗಿದ್ದ ಹೆಂಡತಿಯ ಬಿಳಿ ಸಮವಸ್ತ್ರ ಕ್ಯಾಮೆರಾದ ಪರದೆಯ ಮೇಲೆ ಕಪ್ಪಗೆ ಮಿಣುಕತೊಡಗಿದಾಗ, ಸ್ಟುಡಿಯೋದವನು ಯಂತ್ರವೇ ಕೆಟ್ಟಿತೆಂದುಕೊಂಡ. ಮಗಳು ಬಗ್ಗಿ ನೋಡಿದಳು. "ಕೆಟ್ಟಿಲ್ಲ ಅಪ್ಪಾ. ಬೆಳಕು ಹೆಚ್ಚಾಗಿ ಬಿಳಿ ಸುಟ್ಟುಹೋಗ್ತಿದೆ, ಮಡಿಕೆ ಗೆರೆ ಒಂದೂ ಉಳಿಯಲ್ಲ ಅಂತ ಎಚ್ಚರಿಸ್ತಿದೆ. ಒಂದು ಸ್ಟಾಪ್ ಬೆಳಕು ಇಳಿಸು."

"ಇಳಿಸಿದ್ರೆ ಇವಳ ಮುಖ ಮಸಿಯಾಗತ್ತೆ. ಫಿಲ್ಮಲ್ಲಿ ಕತ್ತಲಿಗೆ ಬಿದ್ದದ್ದು ಹೋಯ್ತು ಅಂತಲೇ ಲೆಕ್ಕ."

"ಇದು ಫಿಲ್ಮಲ್ಲ. ಕತ್ತಲಲ್ಲಿರೋದನ್ನ ಆಮೇಲೆ ಎತ್ತಬಹುದು, ಸುಟ್ಟದ್ದು ಮಾತ್ರ ವಾಪಸ್ ಬರಲ್ಲ."

"ಅಪ್ಪ ಮಗಳ ವಾದ ಮುಗಿಯೋದ್ರೊಳಗೆ ನಾನು ನಿವೃತ್ತಿ ಆಗಿರ್ತೀನಿ," ಎಂದಳು ನರ್ಸ್. ನೌಕರಿಯ ಕೊನೆಯ ಪಾಳಿಗೆ ಹದಿನೈದು ನಿಮಿಷವಿತ್ತು. ಸಂಜೆ ಸಮವಸ್ತ್ರವನ್ನು ಆಸ್ಪತ್ರೆಗೆ ಒಪ್ಪಿಸಬೇಕಿತ್ತು. "ಊರೋರ ಫೋಟೋ ಎಲ್ಲ ತೆಗೆದ್ರಿ. ನಾನು ಕೇಳಿದ್ರೆ, ಕಪ್ಪು ಮುಖ, ಬಿಳಿ ಬಟ್ಟೆ ಎರಡೂ ಒಟ್ಟಿಗೆ ಬರಲ್ಲ ಕಣೆ ಅಂತ ಮೂವತ್ತು ವರ್ಷ ಸಾಗಹಾಕಿದ್ರಿ."

ಬೆರಳು ಒಲ್ಲೆನೆಂದರೂ ಅವನು ಕ್ಯಾಮೆರಾದ ಚಕ್ರ ತಿರುಗಿಸಿ, ಒಂದು ಸ್ಟಾಪ್ ಇಳಿಸಿ, ಬೆಳಕನ್ನು ಅರ್ಧಕ್ಕೆ ತಂದು ಕ್ಲಿಕ್ಕಿಸಿದ. ಬಟ್ಟೆ ಉಳಿಯಿತು, ಮುಖ ಇದ್ದಿಲಾಯಿತು. ಮಗಳು ಚಿತ್ರವನ್ನು ಕಂಪ್ಯೂಟರಿಗೆ ಹಾಕಿ ನೆರಳನ್ನು ಮೆಲ್ಲಗೆ ತಿಳಿಯಾಗಿಸುತ್ತ ಹೋದಳು. ಕಣ್ಣು, ಮೂಗು ಒಂದೊಂದಾಗಿ ಮೇಲೆದ್ದು ಬಂದವು. ಸಮವಸ್ತ್ರದ ಇಸ್ತ್ರಿಯ ಗೆರೆಯೂ ಅಳಿಸಿರಲಿಲ್ಲ. ತುಟಿಯಂಚಿನಲ್ಲಿ ಮೂವತ್ತು ವರ್ಷದ ಮುನಿಸು ಸ್ಪಷ್ಟವಾಗಿ ಕೂತಿತ್ತು.

"ಬಂತಲ್ಲ ಎರಡೂ!" ಎಂದಳು ನರ್ಸ್. "ಆದ್ರೆ ಮುಖ ಯಾಕೆ ಹೀಗೆ ಗಂಟು ಹಾಕ್ಕೊಂಡಿದೀನಿ?"

ಅಂದಿನವರೆಗೆ ಬೆಳಕಿನ ವಿಷಯದಲ್ಲಿ ಯಾರ ಮಾತನ್ನೂ ಕೇಳಿದವನಲ್ಲ ಅವನು. ಕ್ಯಾಮೆರಾವನ್ನು ಕೊರಳಿಂದ ತೆಗೆದು ಮಗಳ ಕೈಗಿಟ್ಟ. "ಇನ್ನೊಂದು ತೆಗಿ. ಬೆಳಕು ನೀನೇ ನೋಡ್ಕೋ," ಎಂದವನು ಹೋಗಿ ಹೆಂಡತಿಯ ಪಕ್ಕ ನಿಂತ.